ಹಿತ್ತಲ ಕೋಳಿ, ಹಿತ್ತಲ ತರಕಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿತ್ತಲಲ್ಲಿ ನಾಲ್ಕಾರು ಕೋಳಿ ಸಾಕಿಕೊಂಡು ಜೊತೆಗೆ ಸೊಪ್ಪು ತರಕಾರಿಯನ್ನೂ ಬೆಳೆಯುವವರಿಂದ ಈ ಬಾರಿ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳನ್ನು ಬೇರೆ ಬೇರೆ ಮಾತಿನಲ್ಲಿ ಹೇಳುತ್ತವೆ. ಕೋಳಿ ಇದ್ದರೆ ಕೈತೋಟ ಉಳಿಯುವುದಿಲ್ಲ, ಕೈತೋಟ ಉಳಿಯಬೇಕಾದರೆ ಕೋಳಿಯನ್ನು ದಿನವಿಡೀ ಕೂಡಿಹಾಕಬೇಕು ಎಂಬುದು ಆ ಗೋಳು. ಎರಡನ್ನೂ ಒಂದೇ ಹಿತ್ತಲಲ್ಲಿ ಹಲವು ವರ್ಷಗಳಿಂದ ನಿಭಾಯಿಸಿಕೊಂಡು ಬಂದಿರುವ ನನಗೆ ಇದು ಜಾಗದ ಜಗಳಕ್ಕಿಂತ ಹೆಚ್ಚಾಗಿ ಹೊತ್ತಿನ ಜಗಳವೆಂದು ತೋರುತ್ತದೆ. ಯಾವ ಹೊತ್ತಿನಲ್ಲಿ ಬಿಡಬೇಕು, ಯಾವ ತಿಂಗಳಲ್ಲಿ ತಡೆಯಬೇಕು, ಗೊಬ್ಬರವನ್ನು ಎಷ್ಟು ದಿನ ಕಾಯಿಸಬೇಕು ಎಂಬುದು ತಿಳಿದರೆ ಅರ್ಧ ತಕರಾರು ಅಲ್ಲಿಗೇ ಮುಗಿಯುತ್ತದೆ.

ಪ್ರಶ್ನೆ: ಮನೆಯ ಹಿಂದೆ ಎರಡು ಗುಂಟೆ ಜಾಗದಲ್ಲಿ ಹರಿವೆ, ಮೆಂತ್ಯ, ಬದನೆ ಬೆಳೆಯುತ್ತೇವೆ. ಎಂಟು ನಾಟಿ ಹೇಂಟೆಗಳೂ ಒಂದು ಹುಂಜವೂ ಇವೆ. ಬಿತ್ತಿದ ಮರುದಿನವೇ ಪಾತಿಯನ್ನೆಲ್ಲ ಕೆದರಿ ಹಾಕುತ್ತವೆ. ಕೂಡಿಹಾಕಿದರೆ ಮಂಕಾಗಿ ಕೂರುತ್ತವೆ, ಮೊಟ್ಟೆಯೂ ಕಡಿಮೆಯಾಗುತ್ತದೆ. ಏನು ಮಾಡಬೇಕು? (ತುಮಕೂರು ಜಿಲ್ಲೆಯಿಂದ ಒಬ್ಬ ಓದುಗರು)

ಉತ್ತರ: ಹೊಸದಾಗಿ ಅಗೆದು ನೀರು ಹಾಕಿದ ಮಣ್ಣನ್ನು ಕಂಡರೆ ಕೋಳಿಯ ಕಾಲು ಸುಮ್ಮನಿರುವುದಿಲ್ಲ. ಅದು ನಿಮ್ಮ ಮೆಂತ್ಯದ ಬೀಜವನ್ನೇ ಹುಡುಕಿಕೊಂಡು ಬರುತ್ತದೆ ಎಂದು ಭಾವಿಸಬೇಡಿ. ಸಡಿಲ ಮಣ್ಣಿನಲ್ಲಿ ಎರೆಹುಳು, ಗೊಣ್ಣೆಹುಳು, ಗೆದ್ದಲು ಸುಲಭವಾಗಿ ಸಿಗುತ್ತವೆ ಎಂಬುದು ಅದಕ್ಕೆ ಗೊತ್ತು, ಬೀಜವೂ ಎಳೆಯ ಮೊಳಕೆಯೂ ಆ ಹುಡುಕಾಟದಲ್ಲಿ ಸಿಕ್ಕಿ ಹಾಳಾಗುತ್ತವೆ. ಆದ್ದರಿಂದ ತೋಟವನ್ನು ವರ್ಷವಿಡೀ ಕಾಯುವ ಅಗತ್ಯವಿಲ್ಲ. ಬಿತ್ತಿದ ಅಥವಾ ಸಸಿ ನೆಟ್ಟ ದಿನದಿಂದ ನಾಲ್ಕರಿಂದ ಆರು ವಾರ, ಅಂದರೆ ಬೇರು ಮಣ್ಣನ್ನು ಬಿಗಿಯಾಗಿ ಹಿಡಿಯುವವರೆಗೆ, ಆಯಾ ಪಾತಿಯನ್ನಷ್ಟೇ ಕಾಯ್ದರೆ ಸಾಕು. ಹರಿವೆ, ಮೆಂತ್ಯ, ಕೊತ್ತಂಬರಿಯಂತಹ ಸೊಪ್ಪುಗಳಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ. ಅವು ಬೆಳೆದ ಮೇಲೂ ಕೋಳಿಯ ಕೊಕ್ಕಿಗೆ ಎಟಕುವ ಎತ್ತರದಲ್ಲೇ ಇರುವುದರಿಂದ ಕೊಯ್ಲಿನವರೆಗೂ ಬಲೆಯ ಒಳಗೇ ಇರಬೇಕು.

ಕಾಯುವ ಕೆಲಸಕ್ಕೆ ದುಬಾರಿ ಸಾಮಾನು ಬೇಡ. ಬಿದಿರಿನ ದಬ್ಬೆಗಳನ್ನು ಕಮಾನಿನಂತೆ ಬಾಗಿಸಿ ಪಾತಿಯ ಎರಡೂ ಬದಿಗೆ ಊರಿ, ಅದರ ಮೇಲೆ ಹಳೆಯ ಮೀನು ಬಲೆಯನ್ನೋ ನೆರಳು ಬಲೆಯನ್ನೋ ಹೊದಿಸಿ, ಅಂಚಿಗೆ ಕಲ್ಲು ಹೇರಿದರೆ ಮೊಳಕೆಗಳು ಉಳಿಯುತ್ತವೆ. ಬದನೆ, ಮೆಣಸಿನಕಾಯಿಯ ಸಸಿಗಳಿಗೆ ಬುಡದ ಸುತ್ತ ಅಂಗೈಯಗಲದ ನಾಲ್ಕೈದು ಚಪ್ಪಟೆ ಕಲ್ಲುಗಳನ್ನು ಇಟ್ಟರೆ ಕೆದರಲು ಆಸ್ಪದವಿರುವುದಿಲ್ಲ, ಬೇಸಿಗೆಯಲ್ಲಿ ತೇವವೂ ನಿಲ್ಲುತ್ತದೆ. ನಮ್ಮ ಹಿತ್ತಲಲ್ಲಿ ಮೊದಲ ಎರಡು ವರ್ಷ ನಾನು ಬೆಳೆದ ಹರಿವೆಯೆಲ್ಲ ಕೋಳಿಗಳ ಪಾಲಾಗಿತ್ತು. ಬೇಲಿಗೆ ಖರ್ಚು ಮಾಡಿದ ಹಣದಲ್ಲಿ ಪೇಟೆಯಿಂದ ಎಷ್ಟು ಕಟ್ಟು ಹರಿವೆ ತರಬಹುದಿತ್ತು ಎಂಬ ಲೆಕ್ಕವನ್ನು ಮನೆಯವರು ಈಗಲೂ ಹೇಳುತ್ತಾರೆ.

ನಾಟಿ ಕೋಳಿ ಹಗುರವಾದದ್ದು, ನಾಲ್ಕು ಅಡಿಯ ಬೇಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಬೇಲಿ ಹಾರುವ ಒಂದೆರಡು ಕೋಳಿಗಳಿಗೆ ಒಂದು ಕಡೆಯ ರೆಕ್ಕೆಯ ಹೊರಗರಿಗಳನ್ನು ಮಾತ್ರ ಅರ್ಧದವರೆಗೆ ಕತ್ತರಿಸಿ. ಎರಡೂ ರೆಕ್ಕೆಗಳನ್ನು ಸಮನಾಗಿ ಕತ್ತರಿಸಿದರೆ ಅದು ಸಮತೋಲ ಸಾಧಿಸಿ ಮತ್ತೆ ಹಾರಬಲ್ಲದು, ಒಂದನ್ನೇ ಕತ್ತರಿಸಿದರೆ ಹಾರಿದಾಗ ವಾಲಿ ಕೆಳಗಿಳಿಯುತ್ತದೆ. ಬುಡದಲ್ಲಿ ಇನ್ನೂ ರಕ್ತ ಹರಿಯುತ್ತಿರುವ, ನೀಲಿ ಕಪ್ಪಾಗಿ ಕಾಣುವ ಎಳೆಯ ಗರಿಗಳನ್ನು ಮುಟ್ಟಬಾರದು. ಗರಿ ಉದುರಿ ಹೊಸದು ಬಂದ ಮೇಲೆ ಮತ್ತೊಮ್ಮೆ ಕತ್ತರಿಸಬೇಕಾಗುತ್ತದೆ. ಹದ್ದು, ನಾಯಿಗಳ ಕಾಟ ಹೆಚ್ಚಿರುವ ಕಡೆ ಮಾತ್ರ ಈ ಉಪಾಯ ಬೇಡ, ಏಕೆಂದರೆ ತಪ್ಪಿಸಿಕೊಳ್ಳಲು ಅದಕ್ಕಿರುವುದು ಆ ರೆಕ್ಕೆಗಳೇ.

ಇನ್ನು ಬಿಡುವ ಹೊತ್ತಿನ ವಿಚಾರ. ಹೇಂಟೆಗಳು ಬಹುಪಾಲು ಮೊಟ್ಟೆಗಳನ್ನು ಮಧ್ಯಾಹ್ನದೊಳಗೆ ಇಟ್ಟು ಮುಗಿಸುತ್ತವೆ. ಬೆಳಿಗ್ಗೆಯೇ ಬಿಟ್ಟರೆ ಬೇಲಿಯ ಮರೆಯಲ್ಲಿ, ಬಾಳೆಯ ಬುಡದಲ್ಲಿ ಇಟ್ಟುಬಿಡುತ್ತವೆ, ನೀವು ಹುಡುಕುವುದರೊಳಗೆ ಮುಂಗುಸಿ ಹುಡುಕಿರುತ್ತದೆ. ಆದ್ದರಿಂದ ಮಧ್ಯಾಹ್ನದವರೆಗೆ ನೆರಳೂ ನೀರೂ ಇರುವ ಆವರಣದಲ್ಲಿ ಇರಿಸಿ, ಸಂಜೆ ನಾಲ್ಕರ ನಂತರ ತೋಟಕ್ಕೆ ಬಿಡಿ. ಕತ್ತಲಾಗುವುದಕ್ಕೆ ಮುಂಚಿನ ಎರಡು ಗಂಟೆಗಳಲ್ಲಿ ಅವು ಗೂಡಿನಿಂದ ಬಹು ದೂರ ಹೋಗುವುದಿಲ್ಲ, ಹೊತ್ತು ಮುಳುಗುತ್ತಲೇ ಅಟ್ಟಿಸಿಕೊಳ್ಳದೆ ತಾವಾಗಿ ಹಿಂದಿರುಗುತ್ತವೆ. ಆವರಣದೊಳಗೆ ಒಂದು ಮೂಲೆಯಲ್ಲಿ ತರಗೆಲೆಯ ರಾಶಿ ಹಾಕಿ, ದಿನಕ್ಕೊಮ್ಮೆ ಒಂದು ಹಿಡಿ ನುಚ್ಚನ್ನು ಅದರ ಮೇಲೆ ಚೆಲ್ಲಿ. ಕೆದರುವ ಚಪಲ ಅಲ್ಲೇ ತೀರುತ್ತದೆ, ಮಂಕಾಗಿ ಕೂರುವುದೂ ನಿಲ್ಲುತ್ತದೆ.

ಕೊಯ್ಲು ಮುಗಿದ ಪಾತಿಗೆ ಮಾತ್ರ ಅವುಗಳನ್ನು ಧಾರಾಳವಾಗಿ ಬಿಡಬೇಕು. ಹತ್ತು ಹದಿನೈದು ದಿನಗಳಲ್ಲಿ ಅವು ಕಳೆಯ ಬೀಜವನ್ನು ಹೆಕ್ಕಿ, ಮಣ್ಣಿನಲ್ಲಿ ಕೋಶ ಕಟ್ಟಿಕೊಂಡು ಕೂತಿರುವ ಕೀಟಗಳನ್ನು ತಿಂದು, ಒಂದು ಸುತ್ತು ಅಗೆದೂ ಕೊಡುತ್ತವೆ. ಹೀರೆ, ಹಾಗಲದ ಕಾಯಿಯನ್ನು ಕೊಳೆಸುವ ಹಣ್ಣುನೊಣದ ಮರಿಹುಳು ಕಾಯಿಯಿಂದ ಕೆಳಗೆ ಬಿದ್ದು ಮೇಲ್ಮಣ್ಣಿನಲ್ಲೇ ಕೋಶವಾಗುತ್ತದೆ. ಮಾವು, ಸೀಬೆಗಳಲ್ಲಿಯೂ ಹೀಗೆಯೇ. ಚಪ್ಪರದ ಕೆಳಗೂ ಹಣ್ಣಿನ ಮರದಡಿಯೂ ಕೋಳಿ ಮೇಯ್ದರೆ ಮುಂದಿನ ಬೆಳೆಗೆ ಆ ನೊಣದ ಹಾವಳಿ ತಗ್ಗುವುದನ್ನು ನೀವೇ ಕಾಣುವಿರಿ.

ಪ್ರಶ್ನೆ: ತಾರಸಿಯಲ್ಲಿ ಚೀಲಗಳಲ್ಲಿ ಮೆಣಸಿನ ಗಿಡ ಬೆಳೆಸಿದ್ದೇನೆ. ಕೋಳಿ ಗೊಬ್ಬರ ಒಳ್ಳೆಯದೆಂದು ಕೇಳಿ, ಗೂಡಿನಿಂದ ಕೆರೆದ ಹಿಕ್ಕೆಯನ್ನು ಗಿಡಕ್ಕೆ ಎರಡೆರಡು ಹಿಡಿಯಂತೆ ಹಾಕಿದೆ. ನಾಲ್ಕೇ ದಿನದಲ್ಲಿ ಎಲೆಯ ಅಂಚು ಸುಟ್ಟಂತಾಗಿ ಗಿಡಗಳು ಬಾಡಿದವು. ಗೊಬ್ಬರದಲ್ಲಿ ದೋಷವಿದೆಯೇ? (ಮೈಸೂರಿನಿಂದ)

ಉತ್ತರ: ಗೊಬ್ಬರದಲ್ಲಿ ದೋಷವಿಲ್ಲ, ಅದು ಇನ್ನೂ ಗೊಬ್ಬರವಾಗಿರಲಿಲ್ಲ. ಕೋಳಿ ಗೊಬ್ಬರ ಉಷ್ಣ ಎಂದು ಹಳ್ಳಿಗಳಲ್ಲಿ ಹೇಳುವ ಮಾತಿಗೆ ಅರ್ಥವಿದೆ. ಹಕ್ಕಿಗಳಿಗೆ ಮೂತ್ರ ಬೇರೆಯಾಗಿ ಹೋಗುವುದಿಲ್ಲ, ಹಿಕ್ಕೆಯ ಮೇಲೆ ಬೆಳ್ಳಗೆ ಕಾಣುವುದೇ ಅದು. ಆ ಬಿಳಿಯ ಭಾಗವಾದ ಯೂರಿಕ್ ಆಮ್ಲ ತೇವ ತಗುಲಿದರೆ ಬೇಗ ಕೊಳೆತು ಅಮೋನಿಯಾ ಆಗುತ್ತದೆ. ಹೀಗಾಗಿ ಹಸಿ ಹಿಕ್ಕೆಯಲ್ಲಿ ಸಾರಜನಕವು ಸಗಣಿಯಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚಿರುವುದಷ್ಟೇ ಅಲ್ಲ, ಅದು ಥಟ್ಟನೆ ಬಿಡುಗಡೆಯೂ ಆಗುತ್ತದೆ. ನೆಲದಲ್ಲಾದರೆ ಸುತ್ತಲಿನ ಮಣ್ಣು ಅದನ್ನು ಸ್ವಲ್ಪಮಟ್ಟಿಗೆ ಹಂಚಿಕೊಳ್ಳುತ್ತದೆ. ಚೀಲದಲ್ಲಿ ಬೇರಿಗೆ ಓಡಿಹೋಗಲು ದಾರಿಯೇ ಇಲ್ಲ.

ಈಗ ಮಾಡಬೇಕಾದದ್ದು ಇಷ್ಟು. ಮೇಲೆ ಹಾಕಿದ ಹಿಕ್ಕೆಯನ್ನೂ ಅದರ ಕೆಳಗಿನ ಒಂದು ಬೆರಳು ದಪ್ಪದ ಮಣ್ಣನ್ನೂ ಕೆರೆದು ತೆಗೆಯಿರಿ. ಚೀಲದ ತೂತುಗಳಿಂದ ನೀರು ಧಾರಾಳವಾಗಿ ಇಳಿದುಹೋಗುವಂತೆ ಎರಡು ಮೂರು ಬಾರಿ ನೀರು ಹಾಯಿಸಿ, ಗಿಡಗಳನ್ನು ಒಂದು ವಾರ ನೆರಳಿನಲ್ಲಿಡಿ. ತುದಿಯಲ್ಲಿ ಹಸಿರು ಉಳಿದಿದ್ದರೆ ಚಿಗುರುತ್ತವೆ.

ಮುಂದಿನ ಸಲಕ್ಕೆ ಹಿಕ್ಕೆಯನ್ನು ಕಾಯಿಸುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದೇ ತಪ್ಪನ್ನು ಮಾಡಿ ಬರೆದವರು ನೀವೊಬ್ಬರೇ ಅಲ್ಲ. ದೊಡ್ಡ ಹೇಂಟೆಯೊಂದು ದಿನಕ್ಕೆ ಹೆಚ್ಚು ಕಡಿಮೆ 100 ಗ್ರಾಂ ಹಸಿ ಹಿಕ್ಕೆ ಹಾಕುತ್ತದೆ. ಹತ್ತು ಕೋಳಿ ಇದ್ದವರಿಗೆ ದಿನಕ್ಕೆ ಒಂದು ಕಿಲೋ ಎಂದಾಯಿತು. ಇದನ್ನು ಬರಿದೇ ಗುಡ್ಡೆ ಹಾಕಿದರೆ ನಾಲ್ಕು ಮನೆಯಾಚೆಗೂ ನಾತ ಹೊಡೆಯುತ್ತದೆ, ನೊಣ ಮುತ್ತುತ್ತದೆ, ಸಾರಜನಕವೆಲ್ಲ ಆ ನಾತದ ರೂಪದಲ್ಲೇ ಗಾಳಿಗೆ ಹೋಗುತ್ತದೆ. ಒಂದು ಬುಟ್ಟಿ ಹಿಕ್ಕೆಗೆ ಎರಡು ಮೂರು ಬುಟ್ಟಿ ಒಣ ತರಗೆಲೆ, ತೆಂಗಿನ ನಾರಿನ ಪುಡಿ ಅಥವಾ ಹುಲ್ಲಿನ ಚೂರನ್ನು ಪದರ ಪದರವಾಗಿ ಹಾಕುತ್ತ ಮೊಣಕಾಲಿಗಿಂತ ಎತ್ತರದ ರಾಶಿ ಮಾಡಬೇಕು. ಹಿಡಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡುವಷ್ಟು ತೇವವಿದ್ದರೆ ಅದು ಸರಿಯಾದ ಹದ. ಎರಡು ಮೂರು ದಿನಗಳಲ್ಲಿ ರಾಶಿಯ ನಡುಭಾಗ ಕೈ ಇಡಲಾಗದಷ್ಟು, ಅಂದರೆ 55ರಿಂದ 60 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಕಳೆಬೀಜಗಳೂ ರೋಗಾಣುಗಳೂ ಸಾಯುವುದು ಈ ಬಿಸಿಯಲ್ಲೇ. ಅಂಚಿನಲ್ಲಿದ್ದದ್ದು ನಡುವಿಗೆ ಬರುವಂತೆ ವಾರಕ್ಕೊಮ್ಮೆ ತಿರುವಿ ಹಾಕುತ್ತಿದ್ದರೆ ಒಂದು ತಿಂಗಳಲ್ಲಿ ಬಿಸಿ ಇಳಿಯುತ್ತದೆ, ಆಮೇಲೆ ಇನ್ನೆರಡು ತಿಂಗಳು ಮಳೆ ಬೀಳದಂತೆ ಮುಚ್ಚಿಟ್ಟು ಮಾಗಲು ಬಿಡಬೇಕು. ಮೂಗಿಗೆ ಹಿಕ್ಕೆಯ ವಾಸನೆ ಬರದೆ ಕಾಡಿನ ನೆಲದ ವಾಸನೆ ಬಂದಾಗ ಅದು ಗೊಬ್ಬರ. ಚೀಲದ ಗಿಡಕ್ಕೆ ತಿಂಗಳಿಗೊಮ್ಮೆ ಒಂದು ಹಿಡಿ ಸಾಕು. ಹೆಚ್ಚು ಹಾಕಿದರೆ ಗಿಡ ಸೊಗಸಾಗಿ ಎಲೆ ಬಿಟ್ಟು ಕಾಯಿಗೆ ಕೈಕೊಡುತ್ತದೆ.

ಭತ್ತದ ಹೊಟ್ಟನ್ನು ಗೂಡಿನೊಳಗೆ ಹಾಸಲು ಬಳಸುವುದು ಒಳ್ಳೆಯದು, ಆದರೆ ಅದು ಬೇಗ ಕೊಳೆಯುವುದಿಲ್ಲವಾದ್ದರಿಂದ ರಾಶಿಗೆ ತರಗೆಲೆಯನ್ನೂ ಸೇರಿಸಲೇಬೇಕು. ಕಾಯಿಸದ ಹಿಕ್ಕೆಯನ್ನು ಬಳಸಲೇಬೇಕಾದ ಸಂದರ್ಭ ಬಂದರೆ, ಖಾಲಿ ನೆಲಕ್ಕೆ ಬೆರೆಸಿ ಮೂರು ನಾಲ್ಕು ತಿಂಗಳು ಬಿಟ್ಟು ಆಮೇಲೆ ಬೆಳೆ ಇಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿ, ಸೌತೆಯ ಪಾತಿಗೆ ಹಸಿ ಹಿಕ್ಕೆಯನ್ನು ಎಂದೂ ತಾಗಿಸಬೇಡಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾದಂತಹ ಬ್ಯಾಕ್ಟೀರಿಯಾಗಳು ಅದರಲ್ಲಿರುತ್ತವೆ.

ಪ್ರಶ್ನೆ: ಅಂಗಡಿಯ ಮೊಟ್ಟೆಗಿಂತ ನಮ್ಮ ಮನೆಯ ಮೊಟ್ಟೆಯೊಳಗಿನ ಹಳದಿ ಭಾಗ ಕಡು ಕೇಸರಿಯಾಗಿದೆ. ಇದರಲ್ಲಿ ಸತ್ವ ಹೆಚ್ಚೆಂದು ನೆರೆಯವರಿಗೆ ಹೇಳಬಹುದೇ? (ಹಾಸನದಿಂದ)

ಉತ್ತರ: ಹಸಿರು ಚೆನ್ನಾಗಿ ತಿಂದಿವೆ ಎಂದು ಧೈರ್ಯವಾಗಿ ಹೇಳಿ. ಬಣ್ಣ ಬರುವುದು ಸೊಪ್ಪು, ಹುಲ್ಲು, ಹಳದಿ ಮೆಕ್ಕೆಜೋಳಗಳಲ್ಲಿರುವ ವರ್ಣದ್ರವ್ಯದಿಂದ. ನುಗ್ಗೆಸೊಪ್ಪನ್ನು ನಾಲ್ಕು ವಾರ ತಿನ್ನಿಸಿದರೆ ಯಾವ ಕೋಳಿಯ ಮೊಟ್ಟೆಗೂ ಆ ಬಣ್ಣ ಬರುತ್ತದೆ. ಬಣ್ಣವೊಂದನ್ನೇ ನೋಡಿ ಸತ್ವವನ್ನು ಅಳೆಯಲಾಗದು, ಚಿಪ್ಪು ಕಂದೋ ಬಿಳಿಯೋ ಎಂಬುದರಿಂದಂತೂ ಏನೂ ತಿಳಿಯದು.

ಪ್ರಶ್ನೆ: ಏಪ್ರಿಲ್ ತಿಂಗಳಿಂದ ನಮ್ಮ ಹೇಂಟೆಗಳು ತೆಳು ಚಿಪ್ಪಿನ ಮೊಟ್ಟೆ ಇಡುತ್ತಿವೆ. ಕೆಲವಕ್ಕೆ ಚಿಪ್ಪೇ ಇಲ್ಲ, ಬರೀ ಪೊರೆ. ಒಡೆದ ಮೊಟ್ಟೆಯನ್ನು ತಿನ್ನುವ ಚಟವೂ ಒಂದಕ್ಕೆ ಹತ್ತಿದೆ. ಅಡಿಗೆಮನೆಯಲ್ಲಿ ಉಳಿದ ಅನ್ನ, ತರಕಾರಿ ಸಿಪ್ಪೆ, ರಾಗಿ ಕೊಡುತ್ತೇವೆ. (ಧಾರವಾಡದಿಂದ)

ಉತ್ತರ: ಅನ್ನ, ರಾಗಿ, ಸಿಪ್ಪೆಗಳಿಂದ ಹೊಟ್ಟೆ ತುಂಬುತ್ತದೆ, ಚಿಪ್ಪು ತುಂಬುವುದಿಲ್ಲ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟೇ ಮೈಗೆ ಹತ್ತುವುದರಿಂದ ನಿತ್ಯ ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ನಾಲ್ಕು ಗ್ರಾಂನಷ್ಟು ಬೇಕಾಗುತ್ತದೆ. ರಾಗಿಯಲ್ಲಿ ಉಳಿದ ಧಾನ್ಯಗಳಿಗಿಂತ ಹೆಚ್ಚು ಸುಣ್ಣದ ಅಂಶವಿದೆ ಎಂಬುದು ನಿಜ, ಆದರೆ 100 ಗ್ರಾಂ ರಾಗಿಯಲ್ಲಿ ಅದು ಅರ್ಧ ಗ್ರಾಂ ಕೂಡ ಇರುವುದಿಲ್ಲ. ಮೇಲಾಗಿ ಬೇಸಿಗೆಯಲ್ಲಿ ಕೋಳಿ ಬಾಯಿ ತೆರೆದು ಏದುತ್ತ ಉಸಿರಾಡುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆ ಬೀಳುತ್ತದೆ. ಸೆಕೆಗೆ ಮೇವು ತಿನ್ನುವುದೂ ಇಳಿಯುತ್ತದೆ. ಏಪ್ರಿಲ್‌ನಲ್ಲೇ ತೊಂದರೆ ಶುರುವಾದದ್ದು ಈ ಕಾರಣಕ್ಕೆ.

ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಸುಣ್ಣಕಲ್ಲಿನ ಹರಳನ್ನೋ ಕಪ್ಪೆಚಿಪ್ಪಿನ ಚೂರನ್ನೋ ತಂದು, ಮೇವಿಗೆ ಬೆರೆಸದೆ, ತೆಂಗಿನ ಕರಟದಲ್ಲಿ ಬೇರೆಯಾಗಿಯೇ ಇಡಿ. ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ಬೆರೆಸಬಾರದೆನ್ನಲು ಕಾರಣ, ಮೊಟ್ಟೆಯಿಡದ ಮರಿಗಳಿಗೂ ಹುಂಜಕ್ಕೂ ಅಷ್ಟು ಸುಣ್ಣ ಹೋದರೆ ಮೂತ್ರಪಿಂಡ ಕೆಡುತ್ತದೆ. ಚಿಪ್ಪು ಕಟ್ಟುವ ಕೆಲಸ ಸುಮಾರು ಇಪ್ಪತ್ತು ಗಂಟೆ ಹಿಡಿಯುತ್ತದೆ, ಅದರ ಬಹುಭಾಗ ನಡೆಯುವುದು ರಾತ್ರಿ, ಆದ್ದರಿಂದ ಸಂಜೆ ಗೂಡು ಸೇರುವ ಮುನ್ನ ಈ ಕರಟ ಬರಿದಾಗಿರದಂತೆ ನೋಡಿಕೊಳ್ಳಿ. ಮನೆಯಲ್ಲಿ ಬಳಸಿದ ಮೊಟ್ಟೆಯ ಚಿಪ್ಪನ್ನೂ ಕೊಡಬಹುದು, ಕಾವಲಿಯ ಮೇಲೆ ಚೆನ್ನಾಗಿ ಹುರಿದು, ಮೊಟ್ಟೆಯ ಗುರುತೇ ಸಿಗದಂತೆ ಪುಡಿ ಮಾಡಿ ಕೊಡಬೇಕು. ಅರೆ ಚಿಪ್ಪನ್ನು ಹಾಗೆಯೇ ಎಸೆದರೆ ಮೊಟ್ಟೆ ತಿನ್ನುವ ಚಟವನ್ನು ನಾವೇ ಕಲಿಸಿದಂತಾಗುತ್ತದೆ. ಚಟ ಹತ್ತಿದ ಹೇಂಟೆಯಿರುವ ಗೂಡಿನಲ್ಲಿ ಮೊಟ್ಟೆಯಿಡುವ ಜಾಗವನ್ನು ಗೋಣಿಯ ಪರದೆ ಇಳಿಬಿಟ್ಟು ಕತ್ತಲೆ ಮಾಡಿ, ಬೆಳಿಗ್ಗೆ ಎರಡು ಬಾರಿ ಮೊಟ್ಟೆ ತೆಗೆಯಿರಿ.

ಉಳಿದ ಊಟ ಕೊಡುವುದು ತಪ್ಪಲ್ಲ. ಬೂಷ್ಟು ಹಿಡಿದದ್ದನ್ನು ಮಾತ್ರ, ವಿಶೇಷವಾಗಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮತ್ತು ಮೆಕ್ಕೆಜೋಳವನ್ನು, ಕೋಳಿಗೆ ಹಾಕಬೇಡಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂತಹ ಕಡಲೆಕಾಯಿ ಹಿಂಡಿಯಿಂದಲೇ, ಅಫ್ಲಟಾಕ್ಸಿನ್ ಎಂಬ ವಿಷ ಜಗತ್ತಿಗೆ ಗೊತ್ತಾದದ್ದು ಆ ಸಾವುಗಳ ತನಿಖೆಯಲ್ಲಿ. ಬೆಣ್ಣೆಹಣ್ಣಿನ ಸಿಪ್ಪೆ, ಬೀಜ, ಎಲೆ ಕೂಡ ಹಕ್ಕಿಗಳಿಗೆ ವಿಷ. ಅದು ಈಗ ಅನೇಕರ ಹಿತ್ತಲಲ್ಲಿ ಇರುವುದರಿಂದ ಹೇಳುತ್ತಿದ್ದೇನೆ.

ಪ್ರಶ್ನೆ: ನಾಲ್ಕು ಗಿರಿರಾಜ ಹೇಂಟೆ ತಂದು ಒಂದು ವರ್ಷವಾಯಿತು. ಮೊಟ್ಟೆ ಚೆನ್ನಾಗಿ ಇಡುತ್ತಿವೆ, ಆದರೆ ಒಂದೂ ಕಾವಿಗೆ ಕೂತಿಲ್ಲ. ಜೊತೆಗಿರುವ ನಾಟಿ ಹೇಂಟೆ ಮಾತ್ರ ವರ್ಷಕ್ಕೆ ಮೂರು ಬಾರಿ ಕೂರುತ್ತದೆ, ಬೇಡವೆಂದರೂ ಏಳುವುದಿಲ್ಲ. (ಚನ್ನರಾಯಪಟ್ಟಣದ ಕಡೆಯಿಂದ)

ಉತ್ತರ: ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಿಸುವ ಅವಕಾಶ ನಿಮ್ಮ ಗೂಡಿನಲ್ಲೇ ಇದೆ. ಗಿರಿರಾಜ ತಳಿಯನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1989ರಲ್ಲಿ ಹಿತ್ತಲ ಸಾಕಣೆಗೆಂದೇ ಬಿಡುಗಡೆ ಮಾಡಿತು, ಸ್ವರ್ಣಧಾರ ಬಂದದ್ದು 2005ರಲ್ಲಿ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ವನರಾಜ, ಗ್ರಾಮಪ್ರಿಯ ತಳಿಗಳೂ ಹೆಸರಘಟ್ಟದ ಕಾವೇರಿಯೂ ಇದೇ ಉದ್ದೇಶದವು. ನಾಟಿ ಹೇಂಟೆ ಹನ್ನೆರಡು ಹದಿನೈದು ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುವುದರಿಂದ ವರ್ಷಕ್ಕೆ ಐವತ್ತು ಅರವತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ, ಸುಧಾರಿತ ತಳಿ ಅದರ ಇಮ್ಮಡಿ ಇಡುವುದು ಕಾವು ಕೂರುವ ಸ್ವಭಾವವನ್ನು ಬಿಟ್ಟುಕೊಟ್ಟೇ. ಇನ್ನೊಂದು ಸಂಗತಿಯೂ ತಿಳಿದಿರಲಿ. ಇವು ಮಿಶ್ರತಳಿಗಳಾದ್ದರಿಂದ ನಿಮ್ಮಲ್ಲೇ ಮರಿ ಮಾಡಿಸಿದರೆ ಆ ಮರಿಗಳು ತಾಯಿಯಷ್ಟು ತೂಕವನ್ನಾಗಲಿ ಮೊಟ್ಟೆಯನ್ನಾಗಲಿ ಕೊಡುವುದಿಲ್ಲ. ಹೀಗಾಗಿ ಕಾವಿಗೆ ನಾಟಿಯ ಮೊಟ್ಟೆಯನ್ನೇ ಇಟ್ಟು, ಗಿರಿರಾಜ ಬೇಕಾದಾಗ ಮರಿಗಳನ್ನು ತರುವುದು ಲೇಸು.

ನಾಟಿ ಹೇಂಟೆಯ ಮೈಯಡಿಗೆ ಹತ್ತರಿಂದ ಹನ್ನೆರಡು ಮೊಟ್ಟೆ ಸಾಕು. ಒಂದು ವಾರಕ್ಕಿಂತ ಹಳೆಯದನ್ನೂ ತೊಳೆದದ್ದನ್ನೂ ಇಡಬೇಡಿ, ತೊಳೆದರೆ ಚಿಪ್ಪಿನ ಮೇಲಿನ ರಕ್ಷಣೆಯ ಲೇಪ ಹೋಗುತ್ತದೆ. ಏಳನೆಯ ರಾತ್ರಿ ಟಾರ್ಚಿನ ಬೆಳಕಿಗೆ ಹಿಡಿದು, ಜೇಡರ ಬಲೆಯಂತಹ ರಕ್ತನಾಳಗಳು ಕಾಣದ ಮೊಟ್ಟೆಗಳನ್ನು ತೆಗೆದುಬಿಡಿ. ಇಪ್ಪತ್ತೊಂದನೆಯ ದಿನಕ್ಕೆ ಮರಿ ಒಡೆಯುತ್ತವೆ. ಮರಿಗಳಿಗೆ ಗೆದ್ದಲು ಹಿಡಿದು ಕೊಡುವ ಹಳೆಯ ಕ್ರಮವನ್ನು ಬಲ್ಲವರು ಈಗ ಕಡಿಮೆಯಾಗುತ್ತಿದ್ದಾರೆ: ಒಡಕು ಮಡಕೆಗೆ ಒಣ ಸಗಣಿ, ಗೋಣಿಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ನೆಲದ ಮೇಲೆ ಸಂಜೆ ಬೋರಲು ಹಾಕಿದರೆ ಬೆಳಿಗ್ಗೆ ಒಂದು ಹೊತ್ತಿನ ಮೇವು ಸಿದ್ಧವಾಗಿರುತ್ತದೆ. ಮರಿಗಳ ಜೊತೆ ತಾಯಿಯನ್ನು ಎಳೆಯ ಸೊಪ್ಪಿನ ಕಡೆಗೆ ಮಾತ್ರ ಬಿಡಬೇಡಿ, ಮರಿಗಳಿಗೆ ಕಲಿಸುವ ತಾಯಿ ಉಳಿದೆಲ್ಲ ಕೋಳಿಗಳಿಗಿಂತ ಹೆಚ್ಚು ಕೆದರುತ್ತದೆ.

ಮರಿ ಬೇಡವಾದಾಗ ಕಾವು ಬಿಡಿಸಲು ನೀರಿಗೆ ಅದ್ದುವುದು, ಮೂಗಿನ ಹೊಳ್ಳೆಗೆ ಗರಿ ಚುಚ್ಚುವುದು ಕೆಲವೆಡೆ ರೂಢಿಯಲ್ಲಿದೆ. ಅದು ಹಿಂಸೆ, ಅದಕ್ಕೆ ಅಗತ್ಯವೂ ಇಲ್ಲ. ತಳಕ್ಕೆ ತಂತಿಬಲೆ ಇರುವ, ನೆಲದಿಂದ ಒಂದಡಿ ಎತ್ತರಿಸಿದ ಪಂಜರದಲ್ಲಿ ಮೇವು ನೀರು ಕೊಟ್ಟು ನಾಲ್ಕು ದಿನ ಇಟ್ಟರೆ, ಹೊಟ್ಟೆಗೆ ಕೆಳಗಿನಿಂದ ಗಾಳಿ ತಾಗಿ ಕಾವು ತಾನಾಗಿ ಇಳಿಯುತ್ತದೆ.

ಪ್ರಶ್ನೆ: ಸಂತೆಯಿಂದ ಎರಡು ಯಾಟೆ (ಎಳೆಯ ಹೇಂಟೆ) ತಂದು ಬಿಟ್ಟ ಹತ್ತು ದಿನದೊಳಗೆ ಹದಿನಾಲ್ಕು ಕೋಳಿಗಳಲ್ಲಿ ಹನ್ನೊಂದು ಸತ್ತವು. ಹಸಿರು ಬಿಳಿ ಭೇದಿ, ಕತ್ತು ತಿರುಚಿಕೊಂಡು ಒದ್ದಾಟ. ಉಳಿದ ಮೂರಕ್ಕೆ ಈಗ ಲಸಿಕೆ ಹಾಕಿಸಬಹುದೇ? ಸತ್ತವನ್ನು ಗೊಬ್ಬರದ ಗುಂಡಿಗೆ ಹಾಕಬಹುದೇ? (ಶಿರಾ ತಾಲ್ಲೂಕಿನಿಂದ)

ಉತ್ತರ: ನೀವು ಹೇಳಿರುವ ಲಕ್ಷಣಗಳು ಕೊಕ್ಕರೆ ರೋಗದವು. ಉತ್ತರಾಖಂಡದ ಊರಿನ ಹೆಸರಿನಿಂದ ರಾಣಿಖೇತ್ ಎಂದೂ ಇಂಗ್ಲೆಂಡಿನ ನಗರದ ಹೆಸರಿನಿಂದ ನ್ಯೂಕ್ಯಾಸಲ್ ಎಂದೂ ಕರೆಯುವುದು ಇದನ್ನೇ. ಆದರೆ ಹಕ್ಕಿಜ್ವರದಲ್ಲೂ ಕೋಳಿಗಳು ಹೀಗೆ ಒಟ್ಟಿಗೆ ಸಾಯುವುದರಿಂದ, ಪತ್ರ ಓದಿ ನಾನು ಹೇಳುವ ಮಾತನ್ನು ನಂಬಿ ಸುಮ್ಮನಾಗದೆ ಮೊದಲು ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತಿಳಿಸಿ. ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಮುಟ್ಟಬೇಡಿ. ಗೊಬ್ಬರದ ಗುಂಡಿಗೂ ಬೇಡ, ಕಾಲುವೆಗೂ ಬೇಡ. ಬಾವಿಯಿಂದ ದೂರದಲ್ಲಿ, ನಾಯಿ ಕೆದರದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಆ ಗೂಡಿನ ಹಾಸನ್ನೂ ಹಿಕ್ಕೆಯನ್ನೂ ಈ ವರ್ಷ ತರಕಾರಿಗೆ ಬಳಸದೆ ಅದರೊಂದಿಗೇ ಹೂಳಿಬಿಡಿ.

ಇದು ವೈರಸ್ಸಿನ ರೋಗ, ಬಂದ ಮೇಲೆ ಔಷಧಿ ಇಲ್ಲ. ಲಸಿಕೆ ಆರೋಗ್ಯವಂತ ಕೋಳಿಗೆ ಮಾತ್ರ. ಉಳಿದ ಮೂರರ ವಿಚಾರವನ್ನು ವೈದ್ಯರೇ ನೋಡಿ ಹೇಳಬೇಕು. ಮುಂದೆ ಮರಿ ತಂದಾಗ 5ರಿಂದ 7ನೆಯ ದಿನದೊಳಗೆ ಲಸೋಟ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕು ವಾರದ ಹೊತ್ತಿಗೆ ಮತ್ತೊಮ್ಮೆ, ಎಂಟನೆಯ ವಾರದಲ್ಲಿ ಆರ್‌ಟುಬಿ ಲಸಿಕೆಯನ್ನು ಚುಚ್ಚುಮದ್ದಾಗಿ ಹಾಕಿಸುವುದು ರೂಢಿಯಲ್ಲಿರುವ ಕ್ರಮ. ನಾಲ್ಕಾರು ಕೋಳಿ ಇರುವವರಿಗೆ ಇದರಲ್ಲಿ ಒಂದು ಪೇಚಿದೆ. ಲಸಿಕೆಯ ಸೀಸೆ ನೂರು ಅಥವಾ ಅದಕ್ಕೂ ಹೆಚ್ಚು ಕೋಳಿಗಳ ಲೆಕ್ಕದಲ್ಲಿ ಬರುತ್ತದೆ, ಕಲಸಿದ ಮೇಲೆ ಮಂಜುಗಡ್ಡೆಯಲ್ಲಿಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಬೀದಿಯ ಹತ್ತು ಮನೆಯವರು ಒಂದು ದಿನವನ್ನು ಗೊತ್ತು ಮಾಡಿಕೊಂಡು, ಕೋಳಿಗಳು ಇನ್ನೂ ಗೂಡಿನಲ್ಲಿರುವಾಗಲೇ, ಬೆಳಗಿನ ಜಾವಕ್ಕೆ ಹಾಕಿಸಿದರೆ ಹಿಡಿಯುವ ಗಡಿಬಿಡಿಯೂ ತಪ್ಪುತ್ತದೆ, ಒಂದು ಮನೆಯ ರೋಗ ಇನ್ನೊಂದಕ್ಕೆ ದಾಟುವುದೂ ತಪ್ಪುತ್ತದೆ. ಸಂತೆಯಿಂದ ತಂದ ಯಾವ ಕೋಳಿಯನ್ನೇ ಆಗಲಿ ಎರಡು ಮೂರು ವಾರ ಬೇರೆಯಾಗಿಟ್ಟು, ಮನೆಯ ಕೋಳಿಗಳಿಗೆ ಮೇವು ಹಾಕಿದ ನಂತರವೇ ಅವುಗಳ ಬಳಿ ಹೋಗಿ. ಎರಡು ತಿಂಗಳಾದರೂ ಗೂಡನ್ನು ಖಾಲಿ ಬಿಟ್ಟು, ಗೋಡೆಗೆ ಸುಣ್ಣ ಬಳಿದು, ಬಿಸಿಲು ಬೀಳುವಂತೆ ಮಾಡಿದ ಮೇಲೆ ಹೊಸ ಮರಿ ತನ್ನಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ, ನಡುವೆ ಬಾಳೆ, ಅಂಚಿನಲ್ಲಿ ತರಕಾರಿ. ಕೋಳಿಗಳು ತೋಟದಲ್ಲೇ ಮೇಯುತ್ತವೆ. ಬೋರ್ಡೋ ಹೊಡೆಯುವಾಗ ಏನು ಮಾಡಬೇಕು? ಬಸವನ ಹುಳುವಿಗೆ ಇಡುವ ವಿಷದಿಂದ ಕೋಳಿಗೆ ತೊಂದರೆಯೇ? (ತೀರ್ಥಹಳ್ಳಿಯಿಂದ)

ಉತ್ತರ: ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ ಮತ್ತು ಒಂದು ಕಿಲೋ ಸುಣ್ಣದ ದ್ರಾವಣ, ಎಲೆಯ ಮೇಲೆ ಒಣಗಿದ ನಂತರ ಅಷ್ಟೊಂದು ಅಪಾಯಕಾರಿಯಲ್ಲ. ಅಪಾಯವಿರುವುದು ಕಲಸುವ ಜಾಗದಲ್ಲಿ. ಡ್ರಮ್ಮಿನ ಸುತ್ತ ಚೆಲ್ಲಿದ ನೀಲಿ ಹರಳನ್ನು ಕೋಳಿ ಕಲ್ಲುಹರಳೆಂದು ಹೆಕ್ಕುತ್ತದೆ, ಬಿದ್ದ ಅಡಿಕೆ ಹಾಳೆಯಲ್ಲೋ ಗುಂಡಿಯಲ್ಲೋ ನಿಂತ ದ್ರಾವಣವನ್ನು ಕುಡಿಯುತ್ತದೆ. ಹೊಡೆಯುವ ದಿನ ಮತ್ತು ಅದರ ಮರುದಿನ ಕೂಡಿಹಾಕಿ, ಕಲಸಿದ ಜಾಗಕ್ಕೆ ಮಣ್ಣು ಮುಚ್ಚಿ, ನಿಂತ ನೀರನ್ನು ಚೆಲ್ಲಿಬಿಡಿ. ಆ ಎರಡು ದಿನ ತೋಟದ ಅಂಚಿನ ಸೊಪ್ಪನ್ನು ಕೊಯ್ದು ಹಾಕಬೇಡಿ.

ಬಸವನ ಹುಳುವಿಗೆ ಮೆಟಾಲ್ಡಿಹೈಡ್ ಬೆರೆಸಿ ಇಡುವ ತೌಡಿನ ಉಂಡೆ ಕೋಳಿಗೆ ನೇರ ವಿಷ. ತೌಡು ಕಂಡರೆ ಅದು ಬಿಡುವ ಪ್ರಾಣಿಯಲ್ಲ. ಕೋಳಿ ಮೇಯುವ ತೋಟದಲ್ಲಿ ಅದನ್ನು ಬಳಸಲೇಬೇಡಿ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ, ಎಲೆಕೋಸಿನ ಚೂರು ಹಾಕಿಟ್ಟು, ಬೆಳಿಗ್ಗೆ ಅಲ್ಲಿ ಸೇರಿದ ಹುಳುಗಳನ್ನು ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನಲ್ಲಿ ಮುಳುಗಿಸುವುದು ನಿಧಾನದ ಕೆಲಸ, ಆದರೆ ಕೋಳಿ ಉಳಿಯುತ್ತವೆ. ಬಾಳೆಯ ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೆಯ ದಾಸ್ತಾನು ಕೊಟ್ಟಿಗೆಯ ಮೂಲೆಯಲ್ಲಿ ಉಳಿದಿದ್ದರೆ ಅದನ್ನು ತೋಟಕ್ಕೆ ಎರಚಿ ಖಾಲಿ ಮಾಡುವ ಯೋಚನೆ ಬೇಡ. ಹರಳಿನ ರೂಪದ ಯಾವ ಕೀಟನಾಶಕವನ್ನೂ ಕೋಳಿ ಗರಸೆಂದೇ ತಿಳಿದು ನುಂಗುತ್ತದೆ.

ಪ್ರಶ್ನೆ: ಬಡಾವಣೆಯಲ್ಲಿ ನಮ್ಮ ಹುಂಜ ಬೆಳಗಿನ ಮೂರಕ್ಕೇ ಕೂಗುತ್ತದೆ. ಪಕ್ಕದ ಮನೆಯವರು ಜಗಳಕ್ಕೆ ನಿಂತಿದ್ದಾರೆ. ಗೂಡಿಗೆ ಕಪ್ಪು ಬಟ್ಟೆ ಹೊದಿಸಿದರೂ ಪ್ರಯೋಜನವಾಗಲಿಲ್ಲ. ಹುಂಜವನ್ನು ಕೊಟ್ಟರೆ ಮೊಟ್ಟೆ ನಿಲ್ಲುತ್ತದೆಯೇ? (ಬೆಂಗಳೂರಿನಿಂದ)

ಉತ್ತರ: ನಿಲ್ಲುವುದಿಲ್ಲ. ಹುಂಜ ಬೇಕಾಗುವುದು ಮರಿಗೆ, ಮೊಟ್ಟೆಗಲ್ಲ. ಕೂಗುವ ಹೊತ್ತನ್ನು ಅದು ಬೆಳಕನ್ನು ನೋಡಿಯಷ್ಟೇ ನಿರ್ಧರಿಸುವುದಿಲ್ಲ, ಮೈಯೊಳಗಿನ ಗಡಿಯಾರವೇ ಅದಕ್ಕೆ ಮುಂಚಿತವಾಗಿ ತಿಳಿಸುತ್ತದೆ, ಹೀಗಾಗಿ ಕಪ್ಪು ಬಟ್ಟೆ ಕೆಲಸ ಮಾಡಲಿಲ್ಲ. ತನ್ನ ಕೋಳಿ ಕೂಗದಿದ್ದರೆ ಊರಿಗೆ ಬೆಳಗಾಗದು ಎಂದುಕೊಂಡಿದ್ದ ಮುದುಕಿಯ ಕತೆ ನಿಮಗೂ ಗೊತ್ತಿರುತ್ತದೆ. ಹುಂಜವನ್ನು ಹಳ್ಳಿಯ ನೆಂಟರಿಗೆ ಕೊಟ್ಟು, ಹೇಂಟೆಗಳನ್ನು ಉಳಿಸಿಕೊಳ್ಳಿ. ಪಕ್ಕದ ಮನೆಯವರಿಗೆ ಒಂದು ಬುಟ್ಟಿ ಮಾಗಿದ ಗೊಬ್ಬರ ಕಳಿಸಿಕೊಡಿ. ಅವರ ಕುಂಡಗಳಲ್ಲಿ ಗುಲಾಬಿ ಇದ್ದರೆ ಮಾತು ಬೇಗ ಸರಿಹೋಗುತ್ತದೆ.